ಹದಿನಾಲ್ಕು ವರ್ಷದ ಶಿಕ್ಷೆ ಯಾರ ಲೆಕ್ಕದಲ್ಲಿತ್ತು? ನ್ಯಾಮತಿ ಬ್ಯಾಂಕ್ ಕಳವಿನ ಪ್ರಕರಣ ಅಧ್ಯಯನ

ದಾವಣಗೆರೆ ಜಿಲ್ಲೆಯ ನ್ಯಾಮತಿ ಪಟ್ಟಣದಲ್ಲಿರುವ ಭಾರತೀಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಸುಮಾರು 17.7 ಕಿಲೊ ಚಿನ್ನ ಕಳವಾಗಿರುವುದು 2024ರ ಅಕ್ಟೋಬರ್ 28ರ ಸೋಮವಾರ ಬೆಳಕಿಗೆ ಬಂತು. ಅದಕ್ಕೆ ಹಿಂದಿನ ಎರಡು ದಿನ ನಾಲ್ಕನೇ ಶನಿವಾರ ಮತ್ತು ಭಾನುವಾರದ ರಜೆಯಿತ್ತು. ದೀಪಾವಳಿ ಇನ್ನೇನು ಬಂದಿತ್ತು. ಕಳ್ಳರು ಕಿಟಕಿಯ ಕಬ್ಬಿಣದ ಸರಳುಗಳನ್ನು ತೆಗೆದು ಒಳನುಗ್ಗಿದ್ದರು, ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದಿದ್ದರು, ಸಿಸಿ ಟಿವಿ ಕ್ಯಾಮೆರಾಗಳ ದೃಶ್ಯ ಸಂಗ್ರಹವಾಗುವ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದರು, ಹೋಗುವಾಗ ಶ್ವಾನದಳಕ್ಕೆ ವಾಸನೆ ಸಿಗದಂತೆ ಖಾರದ ಪುಡಿ ಎರಚಿದ್ದರು. ಕಳವಾದ ಚಿನ್ನದ ಮೌಲ್ಯವನ್ನು ಸುಮಾರು 13 ಕೋಟಿ ರೂಪಾಯಿ ಎಂದು ಅಂದಾಜಿಸಲಾಯಿತು.

ಆ ಚಿನ್ನ ಗ್ರಾಹಕರು ಸಾಲಕ್ಕೆ ಅಡವಿಟ್ಟಿದ್ದ ಒಡವೆ. ಮೆಕ್ಕೆಜೋಳ, ಭತ್ತ, ಅಡಿಕೆಯನ್ನು ನಂಬಿ ಬದುಕುವ ಹೊನ್ನಾಳಿ ಮತ್ತು ನ್ಯಾಮತಿ ಸೀಮೆಯಲ್ಲಿ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ಮಕ್ಕಳ ಕಾಲೇಜು ಶುಲ್ಕಕ್ಕೆ ಮನೆಯ ಒಡವೆಯನ್ನು ಬ್ಯಾಂಕಿನಲ್ಲಿಟ್ಟು, ಫಸಲು ಮಾರಿದ ಮೇಲೆ ಬಿಡಿಸಿಕೊಳ್ಳುವುದು ವರ್ಷ ವರ್ಷವೂ ನಡೆಯುವ ವಹಿವಾಟು. ಹೀಗಾಗಿ ಒಂದು ಶಾಖೆಯಲ್ಲಿ ನಡೆದ ಕಳವು ಸುತ್ತಲಿನ ಊರೂರಿನ ಮನೆಗಳಲ್ಲಿ ನಡೆದ ಕಳವಿನಂತೆಯೇ ಅನುಭವಕ್ಕೆ ಬಂತು. ಇಂಥ ಸಂದರ್ಭದಲ್ಲಿ ಕಠಿಣ ಕಾನೂನು ತರಬೇಕು, ಜಾಮೀನು ಸಿಗಬಾರದು, ಕಾಲಿಗೆ ಗುಂಡು ಹಾಕಬೇಕು ಎಂಬ ಮಾತು ಏಳುವುದು ಸಹಜ. ಕೋಪಕ್ಕೆ ಕಾರಣವಿದೆ. ಆದರೆ ಕಠಿಣ ನೀತಿಯಿಂದ ಅಪರಾಧ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಕೋಪ ಉತ್ತರ ಕೊಡಲಾರದು. ನ್ಯಾಮತಿಯ ಪ್ರಕರಣ ಸಾಕಷ್ಟು ವಿವರವಾಗಿ ಬಯಲಾಗಿರುವುದರಿಂದ ಆ ಪ್ರಶ್ನೆಯನ್ನು ಇದರ ಮೂಲಕವೇ ಪರಿಶೀಲಿಸಬಹುದು. ಮುಂದೆ ಹೇಳುವ ಸಂಗತಿಗಳು ಪೊಲೀಸರು ಬಹಿರಂಗಪಡಿಸಿದ ತನಿಖೆಯ ವಿವರಗಳು. ಆರೋಪ ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ.

ಕಾನೂನು ಮೃದುವಾಗಿತ್ತೇ?

ಕಳವು ನಡೆದಾಗ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಆ ವರ್ಷದ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 331ನೇ ಕಲಮಿನ ಪ್ರಕಾರ ಕಳವಿನ ಉದ್ದೇಶದಿಂದ ರಾತ್ರಿ ಕನ್ನ ಹಾಕಿ ಒಳನುಗ್ಗಿದವರಿಗೆ 14 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಇದು ಹೊಸ ಕಾಠಿಣ್ಯವೂ ಅಲ್ಲ. 1860ರ ಭಾರತೀಯ ದಂಡ ಸಂಹಿತೆಯ 457ನೇ ಕಲಮಿನಲ್ಲಿಯೂ ಇದೇ ಗರಿಷ್ಠ ಮಿತಿಯಿತ್ತು. ಅಂದರೆ ಕೊಲೆಗಿಂತ ಒಂದೆರಡು ಮೆಟ್ಟಿಲು ಮಾತ್ರ ಕೆಳಗಿರುವಷ್ಟು ಭಾರವಾದ ಶಿಕ್ಷೆ ಬ್ರಿಟಿಷರ ಕಾಲದಿಂದಲೂ ಪುಸ್ತಕದಲ್ಲಿದೆ, ಅದರ ಕೆಳಗೇ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕನ್ನ ಕಳವುಗಳು ನಡೆದುಕೊಂಡು ಬಂದಿವೆ.

ಇದಕ್ಕಿಂತ ಕಠಿಣವಾದ ಸಾಧನಗಳೂ ರಾಜ್ಯದ ಕೈಯಲ್ಲಿವೆ. ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, 2000 ಇದೆ. 1985ರ ಕಾಯ್ದೆಯಡಿ, ಅಂದರೆ ಎಲ್ಲರೂ ಗೂಂಡಾ ಕಾಯ್ದೆ ಎಂದು ಕರೆಯುವುದರಡಿ, ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಗಡಿಪಾರು ಮಾಡಬಹುದು. ಹೊಸ ಸಂಹಿತೆಯ 111ನೇ ಕಲಮು ಸಾವು ಸಂಭವಿಸದ ಸಂಘಟಿತ ಅಪರಾಧಕ್ಕೂ ಕನಿಷ್ಠ ಐದು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಹೇಳುತ್ತದೆ. ಆದರೆ ಈ ಸಾಧನಗಳ ಷರತ್ತುಗಳನ್ನು ಓದಿದರೆ ಒಂದು ಸಾಮಾನ್ಯ ಅಂಶ ಕಾಣುತ್ತದೆ. 111ನೇ ಕಲಮನ್ನು ಹಚ್ಚಬೇಕಾದರೆ ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳು ನ್ಯಾಯಾಲಯದ ಮುಂದೆ ಬಂದಿರಬೇಕು. ಗೂಂಡಾ ಕಾಯ್ದೆಗೆ ರೂಢಿಗತವಾಗಿ ಅಪರಾಧ ಮಾಡುವವನೆಂಬ ದಾಖಲೆ ಬೇಕು. ಗಡಿಪಾರಿಗೂ ಹಿಂದಿನ ನಡವಳಿಕೆಯೇ ಆಧಾರ. ಹಬ್ಬಗಳ ಮುಂಚೆ ಠಾಣೆಯ ಅಂಗಳದಲ್ಲಿ ನಡೆಯುವ ರೌಡಿ ಪರೇಡ್‌ಗೂ ರೌಡಿ ಪಟ್ಟಿಯಲ್ಲಿ ಹೆಸರಿರುವವರನ್ನಷ್ಟೇ ಕರೆಯಲು ಸಾಧ್ಯ. ಇವೆಲ್ಲವೂ ಈಗಾಗಲೇ ಗೊತ್ತಿರುವವರ ಮೇಲೆ ಬೀಳುವ ಕಠಿಣ ಕ್ರಮಗಳು.

ನ್ಯಾಮತಿಯಲ್ಲಿ ಏನಾಯಿತು? ಮೊದಲಿಗೆ ಅನುಮಾನ ಹರಿದದ್ದು ಹೊರರಾಜ್ಯಗಳ ವೃತ್ತಿಪರ ತಂಡಗಳ ಕಡೆಗೆ. ಕೊನೆಗೆ ಪ್ರಮುಖ ಆರೋಪಿಯೆಂದು ಪೊಲೀಸರು ಹೇಳಿದ್ದು ಅದೇ ಊರಿನಲ್ಲಿ ಸಣ್ಣ ವ್ಯಾಪಾರ ಮಾಡಿಕೊಂಡಿದ್ದ, ಬ್ಯಾಂಕಿನಲ್ಲಿ ಕೇಳಿದ ಸಾಲ ಸಿಗದೆ ಹೋದ ವ್ಯಕ್ತಿಯೊಬ್ಬನನ್ನು. ಅವನ ಸಂಬಂಧಿಕರು ಮತ್ತು ಸ್ಥಳೀಯ ಪರಿಚಿತರೂ ಸೇರಿ ಒಟ್ಟು ಆರು ಮಂದಿಯ ಬಂಧನವಾಯಿತು. ಪರೇಡ್ ಎಷ್ಟೇ ಬಿಗಿಯಾಗಿದ್ದರೂ ಅಂಗಡಿ ಬಾಗಿಲು ತೆರೆದು ಕುಳಿತಿರುವ ವ್ಯಾಪಾರಿಯನ್ನು ಅದಕ್ಕೆ ಕರೆಸುವವರು ಯಾರೂ ಇಲ್ಲ.

ಸಿದ್ಧತೆ ಯಾವುದರ ವಿರುದ್ಧ ನಡೆದಿತ್ತು?

ಈ ಪ್ರಕರಣದಲ್ಲಿ ಅತ್ಯಂತ ಹೆಚ್ಚು ಕಲಿಸುವ ಭಾಗವೆಂದರೆ ಆರೋಪಿಗಳ ಸಿದ್ಧತೆ. ಶಿಕ್ಷೆಗೆ ಹೆದರುತ್ತಾರೋ ಇಲ್ಲವೋ ಎಂದು ಜೈಲಿನಲ್ಲಿರುವವರನ್ನು ಕೇಳಿದರೆ ಬರುವ ಉತ್ತರವನ್ನು ಪೂರ್ತಿ ನಂಬುವುದು ಕಷ್ಟ. ಆದರೆ ಒಬ್ಬ ವ್ಯಕ್ತಿ ತನ್ನ ಹಣ, ಸಮಯ ಮತ್ತು ಬುದ್ಧಿಯನ್ನು ಯಾವುದರ ಮೇಲೆ ಖರ್ಚು ಮಾಡಿದ ಎಂಬುದನ್ನು ನೋಡಿದರೆ ಅವನು ಯಾವುದಕ್ಕೆ ಅಂಜುತ್ತಿದ್ದ ಎಂಬುದು ಕಾಣುತ್ತದೆ. ಪೊಲೀಸರ ಹೇಳಿಕೆಯಂತೆ ಹಲವು ತಿಂಗಳು ಯೋಜನೆ ನಡೆದಿತ್ತು, ಬ್ಯಾಂಕ್ ದರೋಡೆಯ ಧಾರಾವಾಹಿಯನ್ನೂ ಯೂಟ್ಯೂಬ್ ವಿಡಿಯೊಗಳನ್ನೂ ನೋಡಿ ವಿಧಾನ ಕಲಿಯಲಾಗಿತ್ತು, ರಾತ್ರಿಯಲ್ಲಿ ಜನರ ಮತ್ತು ಪೊಲೀಸರ ಓಡಾಟವನ್ನು ಗಮನಿಸಲಾಗಿತ್ತು. ಡಿವಿಆರ್ ಒಯ್ದದ್ದು, ಖಾರದ ಪುಡಿ ಎರಚಿದ್ದು, ಚಿನ್ನದ ದೊಡ್ಡ ಪಾಲನ್ನು ಗದ್ದಲ ತಣ್ಣಗಾಗುವವರೆಗೆ ತಮಿಳುನಾಡಿನ ಉಸಿಲಂಪಟ್ಟಿ ಬಳಿಯ ಬಾವಿಯೊಂದರಲ್ಲಿ ಮುಳುಗಿಸಿಟ್ಟದ್ದು ಎಲ್ಲವೂ ಒಂದೇ ದಿಕ್ಕಿನ ಸಿದ್ಧತೆ.

ಆ ದಿಕ್ಕು ಗುರುತು ಸಿಗದಿರುವುದು. ಶಿಕ್ಷೆ ಏಳು ವರ್ಷವೋ ಹದಿನಾಲ್ಕು ವರ್ಷವೋ ಎಂಬುದರ ಮೇಲೆ ಅವಲಂಬಿಸಿದ ಒಂದೇ ಒಂದು ನಿರ್ಧಾರವೂ ಈ ಸರಣಿಯಲ್ಲಿ ಕಾಣುವುದಿಲ್ಲ. ಸಿಕ್ಕಿಬೀಳುವುದೇ ಇಲ್ಲ ಎಂದುಕೊಂಡವನಿಗೆ ಸಿಕ್ಕಿಬಿದ್ದ ಮೇಲಿನ ಶಿಕ್ಷೆಯ ಪ್ರಮಾಣ ಲೆಕ್ಕಕ್ಕೇ ಬರುವುದಿಲ್ಲ. 14 ವರ್ಷವನ್ನು 20 ಮಾಡಿದ್ದರೂ ಡಿವಿಆರ್ ಒಯ್ಯುತ್ತಿದ್ದರೇ ಹೊರತು ಕಿಟಕಿಯಿಂದ ಹಿಂದೆ ಸರಿಯುತ್ತಿರಲಿಲ್ಲ ಎಂದೇ ನನ್ನ ಓದು. ಇಟಲಿಯ ಚೆಸಾರೆ ಬೆಕಾರಿಯಾ 1764ರಲ್ಲಿ ವಾದಿಸಿದ್ದೂ ಇದನ್ನೇ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆ. ಇತ್ತೀಚಿನ ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬರೆದ ಅಪರಾಧಶಾಸ್ತ್ರಜ್ಞ ಡೇನಿಯಲ್ ನೇಗಿನ್ ಕೂಡ ಸಿಕ್ಕಿಬೀಳುವ ಸಾಧ್ಯತೆಗೆ ಬಲವಾದ ತಡೆಶಕ್ತಿಯಿದೆ, ಈಗಾಗಲೇ ದೀರ್ಘವಾಗಿರುವ ಶಿಕ್ಷೆಯನ್ನು ಇನ್ನಷ್ಟು ಹಿಗ್ಗಿಸುವುದಕ್ಕೆ ಅಂಥ ಶಕ್ತಿಯಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ಐದು ತಿಂಗಳ ತನಿಖೆ

2025ರ ಮಾರ್ಚ್ 31ರಂದು, ಯುಗಾದಿಯ ಮರುದಿನ, ಪ್ರಕರಣ ಭೇದಿಸಿದ ವಿಷಯವನ್ನು ಪೊಲೀಸರು ಪ್ರಕಟಿಸಿದರು. ಆಗ ಪೂರ್ವ ವಲಯದ ಐಜಿಪಿಯಾಗಿದ್ದವರು ಬಿ.ಆರ್. ರವಿಕಾಂತೇಗೌಡ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಉಮಾ ಪ್ರಶಾಂತ್. ಸುಮಾರು 17 ಕಿಲೊ ಚಿನ್ನ ಮರಳಿ ಸಿಕ್ಕಿತ್ತು. ಅದರ ಬಹುಪಾಲು ಸುಮಾರು 30 ಅಡಿ ಆಳದ ಆ ಬಾವಿಯಿಂದ ಈಜುಗಾರರ ನೆರವಿನಿಂದ ಮೇಲೆ ಬಂದದ್ದು. ದೇಶದಲ್ಲಿ ಕಳವಾದ ಸ್ವತ್ತಿನಲ್ಲಿ ಮರಳಿ ಸಿಗುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಬಹಳ ಕಡಿಮೆ ಇರುವಾಗ ಇದು ಅಪರೂಪದ ಫಲಿತಾಂಶ.

ಈ ಫಲಿತಾಂಶ ಯಾವ ವಿಶೇಷ ಕಾಯ್ದೆಯಿಂದಲೂ ಬಂದದ್ದಲ್ಲ. ದೃಶ್ಯ ದಾಖಲೆಯಿಲ್ಲದ, ವಾಸನೆಯ ಜಾಡಿಲ್ಲದ ಪ್ರಕರಣವನ್ನು ಐದು ತಿಂಗಳು ಕೈಬಿಡದೆ ಹಿಡಿದು, ರಾಜ್ಯದ ಗಡಿ ದಾಟಿ, ಸಣ್ಣ ಸಣ್ಣ ಸುಳಿವುಗಳನ್ನು ಜೋಡಿಸಿದ ತಾಳ್ಮೆಯಿಂದ ಬಂತು. ಕಳ್ಳರು ಚಿನ್ನವನ್ನು ನೀರಿನಡಿ ಇಟ್ಟು ಕಾಯುತ್ತಿದ್ದುದು ಪೊಲೀಸರ ನೆನಪು ಮಾಸುವುದನ್ನು. ಸಾಮಾನ್ಯವಾಗಿ ಅದು ಮಾಸುತ್ತದೆ ಕೂಡ: ಠಾಣೆಯ ಸಿಬ್ಬಂದಿ ಬಂದೋಬಸ್ತು, ಗಣ್ಯರ ಭೇಟಿ, ಜಾತ್ರೆ, ಚುನಾವಣೆಗೆ ಹಂಚಿಹೋಗುತ್ತಾರೆ, ತನಿಖಾಧಿಕಾರಿ ವರ್ಗವಾಗುತ್ತಾರೆ, ಕಡತ ‘ಪತ್ತೆಯಾಗದ ಪ್ರಕರಣ’ಗಳ ಸಾಲಿಗೆ ಸೇರುತ್ತದೆ. 13 ಕೋಟಿಯ ಬ್ಯಾಂಕ್ ಕಳವಿಗೆ ಸಿಕ್ಕ ಗಮನ ಊರ ಹೊರಗಿನ ಮನೆಯಲ್ಲಿ ನಡೆದ ಎರಡು ತೊಲದ ಕಳವಿಗೆ ಸಿಗುವುದಿಲ್ಲ. ಇದು ಬರೀ ದೂರಲ್ಲ, ತಡೆಯ ಲೆಕ್ಕವೂ ಹೌದು. ದೊಡ್ಡ ಕಳವಿಗೆ ಕೈ ಹಾಕುವವನು ನ್ಯಾಮತಿಯ ಸುದ್ದಿ ಓದಿ ಒಮ್ಮೆ ಯೋಚಿಸಬಹುದು. ಬೈಕ್ ಕದಿಯುವವನಿಗೆ, ಅಡಿಕೆ ಕಣದಲ್ಲಿ ಮೂಟೆ ಎತ್ತುವವನಿಗೆ, ಹೊಲದ ಪಂಪ್‌ಸೆಟ್ ಕೇಬಲ್ ಕತ್ತರಿಸುವವನಿಗೆ ತನ್ನ ಅನುಭವ ಬೇರೆಯೇ ಹೇಳುತ್ತದೆ.

ಬೇರೆಡೆಯ ಸಾಕ್ಷ್ಯ

ಒಂದು ಪ್ರಕರಣದಿಂದ ನೀತಿಯ ತೀರ್ಮಾನ ಮಾಡಲಾಗದು. ಹಾಗಾಗಿ ಕಠಿಣ ನೀತಿಯ ಪರವಾಗಿರುವ ಸಾಕ್ಷ್ಯವನ್ನೇ ಮೊದಲು ನೋಡುವುದು ನ್ಯಾಯ.

ಅಮೆರಿಕದ ಕ್ಯಾಲಿಫೋರ್ನಿಯಾ 1994ರಲ್ಲಿ ಮೂರನೇ ಬಾರಿಯ ಗಂಭೀರ ಅಪರಾಧಕ್ಕೆ 25 ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆಯನ್ನು ತಂದಿತು. ಎರಿಕ್ ಹೆಲಂಡ್ ಮತ್ತು ಅಲೆಕ್ಸ್ ಟಬರಾಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಗಾಗಲೇ ಎರಡು ಬಾರಿ ಶಿಕ್ಷೆಗೊಳಗಾಗಿ ಮೂರನೆಯದರ ಅಂಚಿನಲ್ಲಿದ್ದವರು ಮತ್ತೆ ಬಂಧನಕ್ಕೊಳಗಾಗುವ ಪ್ರಮಾಣ ಶೇ 17ರಿಂದ 20ರಷ್ಟು ತಗ್ಗಿದ್ದು ಕಂಡುಬಂತು. ಪರಿಣಾಮ ಇರಲೇ ಇಲ್ಲ ಎನ್ನಲಾಗದು. ಆದರೆ ಅದು ಕಂಡದ್ದು ಕಾನೂನು ತಮ್ಮ ಹೆಸರು ಹಿಡಿದು ಕರೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ. ಅದಕ್ಕಾಗಿ ತೆತ್ತ ಜೈಲು ಖರ್ಚಿಗೆ ಹೋಲಿಸಿದರೆ ಲಾಭ ಕಡಿಮೆಯೆಂದು ಅದೇ ಲೇಖಕರು ಲೆಕ್ಕ ಹಾಕಿದರು. ಆ ದೇಶದಲ್ಲಿ 1970ರ ದಶಕದಿಂದ ನಾಲ್ಕು ದಶಕಗಳಲ್ಲಿ ಜೈಲುವಾಸಿಗಳ ಪ್ರಮಾಣ ನಾಲ್ಕು ಪಟ್ಟಿಗೂ ಹೆಚ್ಚಾಯಿತು. 1990ರ ದಶಕದ ಆರಂಭದಿಂದ ಅಪರಾಧ ಇಳಿಯಿತು ಎಂಬುದೂ ನಿಜ. ಆದರೆ ಜೈಲುಗಳನ್ನು ಹಾಗೆ ತುಂಬಿಸದ ನೆರೆಯ ಕೆನಡಾದಲ್ಲಿಯೂ ಅದೇ ವರ್ಷಗಳಲ್ಲಿ ಅಪರಾಧ ಇಳಿದಿತ್ತು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಇದನ್ನೆಲ್ಲ ಪರಿಶೀಲಿಸಿ, ಜೈಲು ಹೆಚ್ಚಳದಿಂದ ಅಪರಾಧ ಸ್ವಲ್ಪ ತಗ್ಗಿರಬಹುದು, ಆದರೆ ಪರಿಣಾಮ ದೊಡ್ಡದಾಗಿದ್ದ ಸಾಧ್ಯತೆ ಕಡಿಮೆ ಎಂದಿತು. ವಯಸ್ಸಾದಂತೆ ಮನುಷ್ಯರು ಅಪರಾಧದಿಂದ ದೂರವಾಗುವುದರಿಂದ ಬಹುದೀರ್ಘ ಶಿಕ್ಷೆಯ ಕೊನೆಯ ವರ್ಷಗಳು ಯಾರನ್ನೂ ರಕ್ಷಿಸುವುದಿಲ್ಲ.

ಈಗ ಎಲ್ಲರ ಬಾಯಲ್ಲಿರುವ ಉದಾಹರಣೆ ಮಧ್ಯ ಅಮೆರಿಕದ ಎಲ್ ಸಾಲ್ವಡೋರ್. 2022ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ ಹತ್ತಾರು ಸಾವಿರ ಜನರನ್ನು ಬಂಧಿಸಿದ ಆ ಪುಟ್ಟ ದೇಶದಲ್ಲಿ ಕೊಲೆಯ ಪ್ರಮಾಣ 2015ರಲ್ಲಿ ಲಕ್ಷ ಜನಸಂಖ್ಯೆಗೆ 100ನ್ನು ಮೀರಿದ್ದದ್ದು 2023ರಲ್ಲಿ ಸರ್ಕಾರಿ ಲೆಕ್ಕದಂತೆ 2.4ಕ್ಕೆ ಇಳಿಯಿತು. ಇಳಿಕೆಯ ದೊಡ್ಡ ಭಾಗ ತುರ್ತು ಪರಿಸ್ಥಿತಿಗೆ ಮೊದಲೇ ಆಗಿತ್ತಾದರೂ ಬೀದಿಗಳನ್ನು ಅಪರಾಧಿ ಗುಂಪುಗಳ ಹಿಡಿತದಿಂದ ಬಿಡಿಸಿದ್ದು ಸುಳ್ಳಲ್ಲ. ಅದರ ಬೆಲೆ, ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಜೈಲಿನಲ್ಲಿರುವುದು ಮತ್ತು ಬಂಧಿತರಲ್ಲಿ ನಿರಪರಾಧಿಗಳನ್ನು ಬೇರ್ಪಡಿಸುವ ಸರಿಯಾದ ವಿಚಾರಣೆ ಇಲ್ಲದಿರುವುದು. ಮೈಮೇಲೆ ಹಚ್ಚೆ ಹಾಕಿಕೊಂಡು ಬಡಾವಣೆಗಳನ್ನು ಆಳುತ್ತಿದ್ದ ಗುಂಪುಗಳ ಮೇಲೆ ನಡೆದ ಆ ಕಾರ್ಯಾಚರಣೆಯನ್ನು ದಾವಣಗೆರೆಗೆ ತಂದರೆ ಹಿಡಿಯುವುದು ಯಾರನ್ನು? ಇಲ್ಲಿ ಅಂಥ ಗುರುತಿನ ಗುಂಪಿಲ್ಲ. ಇರುವುದು ರೌಡಿ ಪಟ್ಟಿ, ಅದರಲ್ಲಿ ಯಾವ ಕಾಲದಲ್ಲೋ ಒಂದು ಹೊಡೆದಾಟದಲ್ಲಿ ಹೆಸರು ಸೇರಿ ಇಂದು ಆಟೊ ಓಡಿಸಿಕೊಂಡಿರುವವರೂ ಇರಬಹುದು.

ನಮ್ಮ ದೇಶದಲ್ಲಿ ಜೈಲು ಹೆಚ್ಚಿಸುವುದೆಂದರೆ ಏನಾಗುತ್ತದೆಂದು ಒಂದು ಅಂಕಿ ಸಾಕು. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಸಾಬೀತಾಗದವರು. ಜಾಮೀನು ಬಿಗಿಗೊಳಿಸಿದರೆ ಈ ಸಂಖ್ಯೆ ಬೆಳೆಯುತ್ತದೆ. ಪತ್ತೆಯಾಗುವ ಕಳವುಗಳ ಸಂಖ್ಯೆ ಅದರಿಂದ ಬೆಳೆಯುವುದಿಲ್ಲ.

ಅಂಕಿ ಓದುವ ಕಷ್ಟ

ಕಠಿಣ ಕ್ರಮ ಕೈಗೊಂಡ ವರ್ಷ ಜಿಲ್ಲೆಯಲ್ಲಿ ಅಪರಾಧ ಇಳಿದಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು, ಯಾವ ಅಪರಾಧ ಎಂದು. ಓಸಿ ಮಟ್ಕಾ, ಇಸ್ಪೀಟು, ಗಾಂಜಾ ಪ್ರಕರಣಗಳು ದೂರುದಾರರಿಂದ ಹುಟ್ಟುವುದು ಕಡಿಮೆ. ಪೊಲೀಸರು ದಾಳಿ ಮಾಡಿದರೆ ಪ್ರಕರಣ, ಇಲ್ಲದಿದ್ದರೆ ಇಲ್ಲ. ಅವುಗಳ ಏರಿಕೆ ಜೂಜಿನ ಏರಿಕೆಯನ್ನು ಹೇಳದೆ ದಾಳಿಗಳ ಏರಿಕೆಯನ್ನು ಹೇಳಬಹುದು. ಕಳವಿನ ವಿಷಯ ಇದಕ್ಕೆ ತಿರುಗುಮುರುಗು. ಮೊಬೈಲ್ ಕಳೆದುಕೊಂಡವನಿಗೆ ‘ಕಳೆದುಹೋಗಿದೆ ಎಂದು ಬರೆದುಕೊಡು’ ಎಂಬ ಸಲಹೆ ಸಿಕ್ಕಿದರೆ ಒಂದು ಕಳವು ಅಂಕಿಯಿಂದಲೇ ಮಾಯವಾಗುತ್ತದೆ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ನ್ಯಾಯಾಲಯದ ಅನುಮತಿಯಿಲ್ಲದೆಯೇ ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಅಪರಾಧ ಕಡಿಮೆ ತೋರಿಸಬೇಕೆಂಬ ಒತ್ತಡ ಮೇಲಿನಿಂದ ಬಂದಷ್ಟೂ ಈ ಸಲಹೆ ಹೆಚ್ಚುತ್ತದೆ.

ಶಿಕ್ಷೆ ಹೆಚ್ಚಿಸಿದ ಮೇಲೆ ಅಂಕಿ ಏರಿದ ಉದಾಹರಣೆಯೂ ಇದೆ. 2012ರ ದೆಹಲಿ ಘಟನೆಯ ನಂತರ 2013ರಲ್ಲಿ ಅತ್ಯಾಚಾರ ಕಾನೂನು ಕಠಿಣವಾಯಿತು. ದಾಖಲಾದ ಪ್ರಕರಣಗಳು 2012ರಲ್ಲಿ 24,923 ಇದ್ದವು, 2013ರಲ್ಲಿ 33,707 ಆದವು. ಇದನ್ನು ಕಾನೂನಿನ ಸೋಲೆಂದು ಓದುವುದು ತಪ್ಪು: ಅಪರಾಧದ ವ್ಯಾಖ್ಯೆ ವಿಸ್ತಾರಗೊಂಡಿತ್ತು, ದೂರು ಕೊಡುವ ಧೈರ್ಯ ಹೆಚ್ಚಿತ್ತು. ಗೆಲುವೆಂದು ಓದುವುದಕ್ಕೂ ಆ ಅಂಕಿಯಲ್ಲಿ ಆಧಾರವಿಲ್ಲ.

ಖಚಿತತೆಯನ್ನು ಕಟ್ಟುವ ಕೆಲಸ

ಸಿಕ್ಕಿಬೀಳುವ ಖಾತ್ರಿಯೇ ತಡೆ ಎಂದಾದರೆ ಅದನ್ನು ಹೆಚ್ಚಿಸುವ ದಾರಿಗಳು ನ್ಯಾಮತಿಯ ಕಡತದಲ್ಲೇ ಇವೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, 2017ರ ಪ್ರಕಾರ ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಬೇಕು. ಎಲ್ಲಿ ಉಳಿಸಿಕೊಳ್ಳಬೇಕು ಎಂಬುದೇ ಇಲ್ಲಿ ಮುಖ್ಯವಾಯಿತು: ಕ್ಯಾಮೆರಾದ ಕಟ್ಟಡದಲ್ಲೇ ಡಿವಿಆರ್ ಇದ್ದರೆ ಅದೂ ಕಳವಿನ ಸ್ವತ್ತೇ. ದೃಶ್ಯದ ಪ್ರತಿ ಆ ಕ್ಷಣವೇ ಬೇರೆಡೆಯ ಸರ್ವರ್‌ಗೆ ಹೋಗುವಂತಿದ್ದರೆ, ರಜೆಯ ದಿನಗಳಲ್ಲಿ ಕಿಟಕಿ ಅಲುಗಿದರೂ ಠಾಣೆಗೆ ಮತ್ತು ವ್ಯವಸ್ಥಾಪಕರ ಫೋನಿಗೆ ಎಚ್ಚರಿಕೆ ಬರುವಂತಿದ್ದರೆ, ತಿಂಗಳುಗಟ್ಟಲೆಯ ಯೋಜನೆ ಮೊದಲ ಗಂಟೆಯಲ್ಲೇ ಮುಗಿಯುತ್ತಿತ್ತು. ಇದಕ್ಕೆ ವಿಧಾನಸಭೆಯಲ್ಲಿ ಮಸೂದೆ ಬೇಕಿಲ್ಲ.

ಅಪರಾಧ ಪ್ರಕರಣಗಳ ತನಿಖೆ ಮತ್ತು ವಿಚಾರಣೆಯ ವಿಧಾನ ಹೇಳುವ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ಕೊಡುವುದನ್ನು ಹಂತಹಂತವಾಗಿ ಕಡ್ಡಾಯಗೊಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಹೊಸ ಕಾನೂನುಗಳಲ್ಲಿ ನಿಜವಾಗಿ ಕಠಿಣವಾದ ಕಲಮು ಇದೇ, ಶಿಕ್ಷೆಯ ವರ್ಷಗಳನ್ನು ಏರಿಸಿದ ಕಲಮುಗಳಲ್ಲ. ಆದರೆ ದಾವಣಗೆರೆಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬರುವ ಮಾದರಿಗಳ ಹೊರೆಗೆ ತಕ್ಕಷ್ಟು ತಜ್ಞರು ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಪ್ರಯೋಗಾಲಯದ ಹುದ್ದೆ ತುಂಬಿದ ಸುದ್ದಿಗೆ ಪರೇಡ್‌ನ ಫೋಟೊದಷ್ಟು ಜಾಗ ಪತ್ರಿಕೆಯಲ್ಲಿ ಸಿಗುವುದಿಲ್ಲ, ಅದೇ ತೊಡಕು.

ಹಾಗಾದರೆ ಸಿಕ್ಕಿಬಿದ್ದವರಿಗೆ ಶಿಕ್ಷೆಯೇ ಬೇಡವೇ ಎಂಬ ಆಕ್ಷೇಪವನ್ನು ಉತ್ತರಿಸದೆ ಬಿಡಬಾರದು. ಬೇಕು. ಸಿಕ್ಕಿಬಿದ್ದರೂ ಏನೂ ಆಗುವುದಿಲ್ಲ ಎಂಬ ಅನುಭವ ಪತ್ತೆಯ ಖಾತ್ರಿಯನ್ನು ನಿರರ್ಥಕಗೊಳಿಸುತ್ತದೆ. ರೂಢಿಗತ ಸರಗಳ್ಳನೊಬ್ಬ ಒಳಗಿರುವಷ್ಟು ದಿನ ಅವನಿಂದ ಆಗುವ ಕಳವು ತಪ್ಪುತ್ತದೆ ಎಂಬುದೂ ಸರಿ. ಆದರೆ ಅದಕ್ಕೆ ಬೇಕಾದದ್ದು ಬೇಗ ಮುಗಿಯುವ ವಿಚಾರಣೆ, ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯ. ಪುಸ್ತಕದಲ್ಲಿ 14 ವರ್ಷ ಬರೆದು, ಹತ್ತು ವರ್ಷ ವಿಚಾರಣೆ ಎಳೆದು, ಸಾಕ್ಷಿಗಳು ಮರೆತ ಮೇಲೆ ಖುಲಾಸೆಯಾಗುವುದಕ್ಕಿಂತ, ಒಂದೇ ವರ್ಷದಲ್ಲಿ ತೀರ್ಪು ಬಂದು ಮೂರು ವರ್ಷದ ಶಿಕ್ಷೆ ಖಚಿತವಾಗಿ ಜಾರಿಯಾದರೆ ಊರಿನವರಿಗೆ ಅದು ಹೆಚ್ಚು ಕಠಿಣವಾಗಿ ಕಾಣುತ್ತದೆ.

ಒಡವೆಯ ಮಾಲೀಕರ ಪಾಲಿಗೆ ಪ್ರಕರಣದ ಇನ್ನೊಂದು ಭಾಗವಿದೆ. ವಶಪಡಿಸಿಕೊಂಡ ಚಿನ್ನ ನ್ಯಾಯಾಲಯದ ಮುದ್ದೆಮಾಲು, ಅಂದರೆ ಪ್ರಕರಣದ ಸಾಕ್ಷ್ಯವಾಗಿರುವ ಸ್ವತ್ತು. ಮೊದಲು ಇಂಥ ಸ್ವತ್ತು ವಿಚಾರಣೆ ಮುಗಿಯುವವರೆಗೆ ಖಜಾನೆಯಲ್ಲಿ ಕೊಳೆಯುವುದು ಮಾಮೂಲಾಗಿತ್ತು. ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನಂತೆ ಈಗ ಸ್ವತ್ತು ಹಾಜರಾದ 14 ದಿನಗಳೊಳಗೆ ನ್ಯಾಯಾಲಯ ಅದರ ವಿವರಪಟ್ಟಿ ಮಾಡಿಸಿ, ಫೋಟೊ ಅಥವಾ ವಿಡಿಯೊ ತೆಗೆಸಿ, ಆ ಪಟ್ಟಿ ಸಿದ್ಧವಾದ 30 ದಿನಗಳೊಳಗೆ ಅದರ ವಿಲೇವಾರಿಗೆ ಆದೇಶಿಸಬೇಕು. ಆ ಫೋಟೊಗಳೇ ಮುಂದೆ ಸಾಕ್ಷ್ಯವಾಗುತ್ತವೆ. ಮಾರಾಟವಾಗಿ ಕರಗಿಹೋಗಿರಬಹುದಾದ ಒಡವೆ ಈ ಕಲಮಿನಿಂದಲೂ ಒಡವೆಯಾಗಿ ಮರಳಿ ಬರುವುದಿಲ್ಲ. ಆ ಪಾಲಿನ ಗ್ರಾಹಕರ ಲೆಕ್ಕವನ್ನು ಬ್ಯಾಂಕು ಚಿನ್ನದ ದರದ ಮೇಲೆ, ತನ್ನ ವಿಮೆಯ ಆಧಾರದಲ್ಲಿ ತೀರಿಸಬೇಕಾಗುತ್ತದೆ.